ಹಳೇ ಮನೆಯ ಹೊರಮೈ: ಹಂಚೋ ಶೀಟೋ, ಗಾರೆಯೋ ಸಿಮೆಂಟೋ?

ಶಿರಸಿ ಹತ್ತಿರದ ನಮ್ಮ ಅಜ್ಜನ ಮನೆಯ ಹೊರಗೋಡೆಗೆ ಕೆಲವು ವರ್ಷಗಳ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಗೋಡೆ ಗಟ್ಟಿಯಾಗಲಿ ಅನ್ನುವ ಆಸೆಯಿಂದಲೇ ಮಾಡಿಸಿದ್ದು. ಎರಡನೇ ಮಳೆಗಾಲಕ್ಕೆ ಒಳಗೋಡೆಯಲ್ಲಿ ಸೊಂಟದ ಎತ್ತರದವರೆಗೆ ತೇವ ಏರಿತು. ಆಯಿ ಗೋಡೆಗೆ ಒರಗಿಸಿಟ್ಟ ಅಕ್ಕಿ ಚೀಲಕ್ಕೆ ಬೂಷ್ಟು ಹಿಡಿಯಿತು. ಮೂರನೇ ವರ್ಷ ಪ್ಲಾಸ್ಟರ್ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಅದರ ಬೆನ್ನಿಗೆ ಅಂಟಿಕೊಂಡು ಕಲ್ಲಿನ ಮೈಯೂ ಬಂತು. ಅಷ್ಟು ಕಾಲ ಮಳೆ ತಡೆದುಕೊಂಡು ನಿಂತ ಕಲ್ಲು ಮೂರೇ ವರ್ಷದಲ್ಲಿ ಪುಡಿ ಉದುರಿಸತೊಡಗಿತು.

ಆಮೇಲೆ ಹಳೇ ಗೌಂಡಿಗಳನ್ನು ಹುಡುಕಿ ಕೇಳಿದೆ. ಹಳೇ ಕಟ್ಟಡ ಉಳಿಸುವವರು ಏನು ಹೇಳುತ್ತಾರೆ ಅಂತ ಓದಿದೆ. ಹಳೇ ಮನೆ ಇರುವ ನೆಂಟರೆಲ್ಲ ಈಗ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹಂಚು ತೆಗೆದು ಶೀಟ್ ಹಾಕಿಸಲಾ? ಕಿಟಕಿ ಬದಲಿಸಲಾ? ಜಗಲಿಗೆ ಗ್ರಿಲ್ ಬೇಕಾ? ಈ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಎಲ್ಲದಕ್ಕೂ ಒಂದೇ ಉತ್ತರ ಇಲ್ಲ. ಆದರೆ ಎಲ್ಲದಕ್ಕೂ ಕೇಳಬೇಕಾದ ಪ್ರಶ್ನೆಗಳು ಎರಡೇ. ಹಾಕಿದ್ದನ್ನು ನಾಳೆ ಮನೆಗೆ ಗಾಯವಾಗದಂತೆ ಬಿಚ್ಚಬಹುದಾ? ಒಳಗೆ ಹೋದ ನೀರು ಹೊರಗೆ ಬರಲು ದಾರಿ ಉಳಿಯುತ್ತದಾ?

ಪರಿಶೀಲನೆ ಮಾಡುವವರು ಯಾರು

ಅಮೆರಿಕದ ಹಲವು ಊರುಗಳಲ್ಲಿ ಹಳೇ ಬಡಾವಣೆಯ ಮನೆಯ ಹೊರಮೈ ಬದಲಿಸಬೇಕಾದರೆ ಸ್ಥಳೀಯ ಸಮಿತಿಯ ಮುಂದೆ ಹೋಗಬೇಕು. 1931ರಲ್ಲಿ ಚಾರ್ಲ್ಸ್‌ಟನ್ ಎಂಬ ಊರು ಮೊದಲಿಗೆ ಇಂಥ ಕಾನೂನು ಮಾಡಿತು. ಆ ದೇಶದ ಸರ್ಕಾರಿ ಭೂಮಿ, ಪರಂಪರೆ ನೋಡಿಕೊಳ್ಳುವ ಇಂಟೀರಿಯರ್ ಇಲಾಖೆ 1977ರಲ್ಲಿ ಹಳೇ ಕಟ್ಟಡಗಳ ಕೆಲಸಕ್ಕೆ ಮಾನದಂಡಗಳನ್ನು ಪ್ರಕಟಿಸಿತು. ಇವತ್ತಿಗೂ ಅಲ್ಲಿನ ಸಮಿತಿಗಳು ಅವನ್ನೇ ಮುಂದಿಟ್ಟುಕೊಂಡು ನೋಡುತ್ತವೆ. ಹತ್ತು ಅಂಶಗಳಿವೆ. ಮುಖ್ಯವಾದದ್ದನ್ನು ನಮ್ಮ ಮಾತಲ್ಲಿ ಹೇಳುವುದಾದರೆ: ಕೆಟ್ಟದ್ದನ್ನು ಮೊದಲು ರಿಪೇರಿ ಮಾಡಿ, ಆಗದೇ ಇದ್ದರೆ ಮಾತ್ರ ಬದಲಿಸಿ. ಬದಲಿಸುವಾಗ ಆಕಾರ, ಬಣ್ಣ, ಮೈ ಹಳೆಯದಕ್ಕೆ ಹೊಂದಲಿ. ಆದಷ್ಟೂ ಅದೇ ವಸ್ತುವಿನದ್ದಾಗಲಿ. ಇಲ್ಲದ ಇತಿಹಾಸ ಹುಟ್ಟಿಸಬೇಡಿ. ಹೊಸದಾಗಿ ಸೇರಿಸಿದ್ದು ಹೊಸದು ಅಂತ ಗೊತ್ತಾಗಲಿ, ಆದರೆ ಹಳೆಯದರ ಜೊತೆ ಜಗಳ ಆಡದಿರಲಿ. ನಾಳೆ ಅದನ್ನು ತೆಗೆದರೂ ಹಳೇ ಮನೆ ಹಾಗೇ ಉಳಿಯಲಿ.

ನಮ್ಮಲ್ಲಿ ಕಾನೂನು ಕಾಯುವುದು ಹೆಚ್ಚಾಗಿ ಸ್ಮಾರಕಗಳನ್ನು. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಹತ್ತಿರ ಮನೆ ಇದ್ದವರಿಗೆ ಇದು ಗೊತ್ತಿರುತ್ತದೆ. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇದನ್ನು ಬಿಗಿ ಮಾಡಿತು. ಅಲ್ಲಿ ಮೊದಲಿಂದ ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಹಾಗಾಗಿ ಗೌಂಡಿಗೆ ಮುಂಗಡ ಕೊಡುವ ಮೊದಲೇ ಅರ್ಜಿ ಹಾಕಿ. ಕಡಲ ದಂಡೆಗೆ ತಾಗಿದ ಮನೆಗಳಿಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬೇರೆ ಇದೆ. ಇದ್ದ ಅಡಿಪಾಯ ದಾಟಿ ಹೋಗುವ ಯೋಚನೆ ಇದ್ದರೆ ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಇವೆರಡರ ಹೊರಗೆ ಇರುವ ಸಾವಿರಾರು ಮನೆಗಳನ್ನು ಕೇಳುವವರಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳು, ಗೋಕರ್ಣದ ರಥಬೀದಿಯ ಮನೆಗಳು, ಕುಮಟಾ, ಅಂಕೋಲಾ, ಕಾರವಾರದ ಚಿರೆಕಲ್ಲಿನ (ಕೆಂಪು ಕಲ್ಲಿನ) ಮನೆಗಳು. ಪರಂಪರೆ ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ 2004ರಲ್ಲಿ ಇಂಥ ರಕ್ಷಣೆ ಇಲ್ಲದ ಕಟ್ಟಡಗಳಿಗಾಗಿಯೇ ಒಂದು ಸನ್ನದು ಮಾಡಿತು. ನಮ್ಮ ಗೌಂಡಿ, ಆಚಾರಿಗಳ ಕೈಕಸುಬು ಉಳಿಸುವುದೂ ಕಟ್ಟಡ ಉಳಿಸಿದಷ್ಟೇ ಮುಖ್ಯ ಅನ್ನುವ ಮಾತು ಅದರಲ್ಲಿದೆ. ನನಗೆ ಅದು ತುಂಬಾ ಹಿಡಿಸಿತು. ಆದರೆ ಸನ್ನದು ನಮ್ಮ ಅಂಗಳಕ್ಕೆ ಬಂದು ನಿಲ್ಲುವುದಿಲ್ಲ. ಸಮಿತಿ ಮಾಡುವ ಕೆಲಸವನ್ನು ಮನೆಯವರೇ ಕೂತು ಮಾಡಬೇಕು.

ಮೊದಲು ಮಳೆಯಲ್ಲಿ ಒಂದು ಸುತ್ತು

ಆಷಾಢದ ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಹಾಕಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಎಷ್ಟು ಎತ್ತರಕ್ಕೆ ಹಾರಿ ಗೋಡೆಗೆ ಬಡಿಯುತ್ತದೆ, ಯಾವ ಮೂಲೆಯಲ್ಲಿ ಪಾಚಿ ಕಟ್ಟಿದೆ ನೋಡಿ. ಬೇಸಿಗೆಯಲ್ಲಿ ಬಂದು ಕೊಟೇಶನ್ ಕೊಡುವವರಿಗೆ ಇದ್ಯಾವುದೂ ಕಾಣುವುದಿಲ್ಲ. ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದಿಡಿ. ರಸ್ತೆಯಿಂದ ಮನೆ ಹೇಗೆ ಕಾಣುತ್ತದೆ, ಅಂಗಳದಿಂದ ಹೇಗೆ ಕಾಣುತ್ತದೆ ಅನ್ನುವ ಎರಡು ಫೋಟೋ ಮುಖ್ಯ.

ಆಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾವುದು ಯಾವಾಗ ಬಂತು ಅಂತ ಕೇಳಿ. ಇದು ಸುಮ್ನೆ ಹರಟೆ ಅಲ್ಲ. ನಮ್ಮ ಮನೆಯ ಮಂಗಳೂರು ಹಂಚು 'ಮೂಲದ್ದು' ಅಂತಲೇ ನಾನು ತಿಳಿದಿದ್ದೆ. ಅಜ್ಜ ಹುಡುಗನಾಗಿದ್ದಾಗ ಮಾಡಿಗೆ (ಚಾವಣಿಗೆ) ಹುಲ್ಲು ಹೊದಿಸುತ್ತಿದ್ದರಂತೆ! ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದೇ 1865ರಲ್ಲಿ. ಅದಕ್ಕಿಂತ ಹಳೇ ಮನೆಗಳೆಲ್ಲ ಮೊದಲು ಹುಲ್ಲು, ಅಡಿಕೆ ಸೋಗೆ ಅಥವಾ ನಾಡಹಂಚು ಹೊದ್ದವೇ. ಹಾಗಂತ ಈಗ ಮಂಗಳೂರು ಹಂಚು ತೆಗೆದು ಹುಲ್ಲು ಹೊದಿಸಬೇಕಾಗಿಲ್ಲ. ಎರಡು ಮೂರು ತಲೆಮಾರು ಕಂಡ ಬದಲಾವಣೆಯೂ ಮನೆಯ ಕಥೆಯ ಭಾಗವೇ. ಅಮೆರಿಕದ ಆ ಹತ್ತು ಅಂಶಗಳಲ್ಲೂ ಇದಕ್ಕೆ ಜಾಗ ಇದೆ. 'ಅಸಲಿ ರೂಪಕ್ಕೆ ತರುತ್ತೇವೆ' ಅಂತ ಹೊರಟು ನಡುವೆ ಬಂದ ಒಳ್ಳೆಯದನ್ನೆಲ್ಲ ಕಿತ್ತು ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮಾಡು: ಜಾಸ್ತಿ ತಪ್ಪಾಗುವುದು ಇಲ್ಲೇ

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಇಂಥ ಊರಲ್ಲಿ ಮಾಡು ಸರಿ ಇದ್ದರೆ ಮನೆಯ ಮುಕ್ಕಾಲು ಭಾಗ ಸರಿ ಇದ್ದಂತೆ. ನಮ್ಮ ಮನೆಗಳ ಚಹರೆಯೂ ಅದೇ. ದೂರದಿಂದ ಕಾಣುವುದು ಇಳಿಜಾರಿನ ಕೆಂಪು ಹಂಚು, ಅದರ ಕೆಳಗಿನ ನೆರಳು. ಆದ್ದರಿಂದ ದುಡ್ಡು ಕಮ್ಮಿ ಇದ್ದರೆ ಉಳಿದದ್ದೆಲ್ಲ ಬಿಡಿ, ಮಾಡಿಗೆ ಖರ್ಚು ಮಾಡಿ.

ನಿಮ್ಮ ಮುಂದೆ ನಾಲ್ಕು ದಾರಿ ಇರುತ್ತವೆ. ಇದ್ದ ಹಂಚನ್ನೇ ಇಳಿಸಿ ಮತ್ತೆ ಹೊದಿಸುವುದು. ಹಂಚಿನ ಕೆಳಗೆ ತೆಳು ಶೀಟ್ ಕೊಡುವುದು. ಹಂಚು ತೆಗೆದು ಬರೀ ಶೀಟ್ ಹಾಕುವುದು. ಮಾಡನ್ನೇ ತೆಗೆದು ಸ್ಲ್ಯಾಬ್ ಹಾಕುವುದು.

ಕೊನೆಯದನ್ನು ಮೊದಲು ಮುಗಿಸುತ್ತೇನೆ. ಹಳೇ ಗೋಡೆಯ ಮೇಲೆ ಸ್ಲ್ಯಾಬ್ ಬೇಡ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆ ಮರದ ಮಾಡಿನ ಭಾರಕ್ಕೆ ಅಂತ ಕಟ್ಟಿದ್ದು, ಕಾಂಕ್ರೀಟಿನ ಭಾರಕ್ಕಲ್ಲ. ಒಮ್ಮೆ ಹಾಕಿದರೆ ವಾಪಸ್ ಹೋಗುವ ದಾರಿಯೂ ಇಲ್ಲ. ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ಯಾವ ರಸ್ತೆಯಲ್ಲಿ ಹೋದರೂ ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟ್ ಹೊದಿಸಿದ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ಚಪ್ಪಟೆ ಸ್ಲ್ಯಾಬ್ ಈ ಮಳೆಗೆ ಸೋರುತ್ತದೆ. ಕೊನೆಗೂ ಇಳಿಜಾರಿನ ಮಾಡೇ ಬೇಕಾಗುತ್ತದೆ. ಅದು ನಿಮಗೆ ಈಗಾಗಲೇ ಇದೆ.

ಬರೀ ಶೀಟಿಗೆ ಜನ ಮನಸ್ಸು ಮಾಡುವುದು ಯಾಕೆ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಂಗನ ಕಾಟ. ಒಂದು ಹಿಂಡು ಮಾಡಿನ ಮೇಲೆ ಹಾರಿ ಹೋದರೆ ಹತ್ತಿಪ್ಪತ್ತು ಹಂಚು ಒಡೆದು ಹೋಗುತ್ತವೆ. ಮಳೆಗಾಲದ ನಡುವೆ ಜಾರುವ ಮಾಡು ಹತ್ತಲು ಈಗ ಆಳು ಸಿಗುವುದಿಲ್ಲ. ಮನೆಯಲ್ಲಿ ಇರುವುದು ವಯಸ್ಸಾದ ಇಬ್ಬರೇ. "ಹಂಚಿನ ಚಂದ ನೋಡ್ತಾ ಕೂತ್ರೆ ರಾತ್ರಿ ಪಾತ್ರೆ ಇಡ್ಲಿಕ್ಕೆ ಏಳೋದು ಯಾರು ಮಾರಾಯ?" ಅಂತ ಭಾವ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಶೀಟಿನ ತೊಂದರೆಗಳನ್ನೂ ನೋಡಿ. ಬೇಸಿಗೆಯಲ್ಲಿ ಮೆತ್ತಿನ (ಅಟ್ಟದ) ಮೇಲೆ ಕಾಲಿಡಲು ಆಗದಷ್ಟು ಕಾವು. ಮಳೆ ಬಂದರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಹಂಚಿನ ಸಂದಿಯಿಂದ ಗಾಳಿ ಆಡುತ್ತದೆ, ಮರ ಒಣಗುತ್ತದೆ. ಶೀಟಿನ ಅಡಿಯಲ್ಲಿ ರಾತ್ರಿ ಬೆವರು ಹನಿದು ಪಕಾಸಿಗೆ (ಮಾಡು ಹೊರುವ ಇಳಿಜಾರಿನ ಮರಕ್ಕೆ) ಇಳಿಯುತ್ತದೆ. ಕರಾವಳಿಯಲ್ಲಿ ಇನ್ನೂ ಒಂದು ಕಷ್ಟ, ಉಪ್ಪುಗಾಳಿ. ಅಂಕೋಲಾ ಕಡೆ ಇರುವ ನಮ್ಮ ಅತ್ತೆ ಮನೆಯ ಕೊಟ್ಟಿಗೆಯ ಶೀಟ್ ಮೊಳೆ ಹೊಡೆದ ಜಾಗದಿಂದಲೇ ತುಕ್ಕು ತಿನ್ನುತ್ತಾ ಬಂತು.

ನನಗೆ ಸರಿ ಕಂಡ ನಡುದಾರಿ ಎರಡನೆಯದು. ಹಂಚು ಇಳಿಸಿ, ಪಕಾಸಿಯ ಮೇಲೆ ತೆಳು ಶೀಟ್ ಕೊಟ್ಟು, ಅದರ ಮೇಲೆ ರೀಪು (ಹಂಚು ಕೂರುವ ಮರದ ಪಟ್ಟಿ) ಹೊಡೆದು, ಮತ್ತೆ ಅದೇ ಹಂಚು ಹೊದಿಸುವುದು. ಹೊರಗಿನಿಂದ ಮನೆ ಹಾಗೇ ಕಾಣುತ್ತದೆ. ಮಂಗ ಹಂಚು ಒಡೆದರೂ ಆ ರಾತ್ರಿ ಸೋರುವುದಿಲ್ಲ. ದೀಪಾವಳಿ ಕಳೆದ ಮೇಲೆ ಬಿಡುವಿನಲ್ಲಿ ಹಂಚು ಬದಲಿಸಿಕೊಳ್ಳಬಹುದು. ಬೇಡ ಅನಿಸಿದರೆ ಶೀಟ್ ಬಿಚ್ಚಿ ತೆಗೆಯಬಹುದು. ನನ್ನ ಎರಡೂ ಪ್ರಶ್ನೆಗಳಿಗೆ ಇದು ಹೆಚ್ಚುಕಡಿಮೆ ನಿಲ್ಲುತ್ತದೆ. ಆದರೆ ಒಂದು ಷರತ್ತು. ಶೀಟ್ ಮತ್ತು ಹಂಚಿನ ನಡುವೆ ನೀರು ಇಳಿದು ಹೋಗುವಷ್ಟು ಸಂದಿ ಬಿಡಬೇಕು. ಅಡ್ಡ ರೀಪಿನ ಕೆಳಗೆ ಉದ್ದಕ್ಕೆ ಇನ್ನೊಂದು ಪಟ್ಟಿ ಕೊಟ್ಟರೆ ಈ ಸಂದಿ ಸಿಗುತ್ತದೆ. ಇಲ್ಲದಿದ್ದರೆ ಒಡೆದ ಹಂಚಿನಿಂದ ಇಳಿದ ನೀರು ರೀಪಿಗೆ ತಡೆದು ಅಲ್ಲೇ ನಿಂತು ಮರ ಕೊಳೆಸುತ್ತದೆ. ಮೆತ್ತಿಗೆ ಗಾಳಿಯಾಡುವ ಕಿಂಡಿಗಳಿದ್ದರೆ ಅವನ್ನು ಮುಚ್ಚಬೇಡಿ. ಒಳಗಿನಿಂದ ತಲೆ ಎತ್ತಿದರೆ ಹಂಚಿನ ಬದಲು ಶೀಟ್ ಕಾಣುತ್ತದೆ, ಗಾಜಿನ ಹಂಚಿನ ಬೆಳಕೂ ಹೋಗುತ್ತದೆ. ಬೆಳಕು ಬೇಕಾದ ಜಾಗದಲ್ಲಿ ಪಾರದರ್ಶಕ ಶೀಟಿನ ತುಂಡು ಕೊಡಿಸಿಕೊಳ್ಳಿ.

ಮನೆಯಲ್ಲಿ ಕೆಲಸ ಮಾಡುವ ಕೈಗಳಿದ್ದರೆ, ಮಂಗ ಕಮ್ಮಿ ಇದ್ದರೆ, ಮೊದಲ ದಾರಿಯೇ ಎಲ್ಲಕ್ಕಿಂತ ಒಳ್ಳೆಯದು. ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸುವುದು, ಕೆಲವು ವರ್ಷಕ್ಕೊಮ್ಮೆ ಪೂರ್ತಿ ಇಳಿಸಿ ಹೊದಿಸುವುದು.

ಹಂಚಿನ ಬಗ್ಗೆ ಇನ್ನು ಸ್ವಲ್ಪ. ಒಂದು ಚದರ ಮೀಟರಿಗೆ ಸುಮಾರು 15 ಮಂಗಳೂರು ಹಂಚು ಬೇಕು. ಹಳೇ ಹಂಚನ್ನು ಬೆರಳ ಗಂಟಿನಿಂದ ಬಡಿದು ನೋಡಿ. ಗಟ್ಟಿಯಾದದ್ದು ಟಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಒಡಕು ದನಿ ಕೊಡುತ್ತದೆ. ಪಾಚಿ ಕಟ್ಟಿ ಕಪ್ಪಾಗಿದೆ ಅನ್ನುವ ಕಾರಣಕ್ಕೆ ಎಸೆಯಬೇಡಿ. ತೆಂಗಿನ ನಾರಿನ ಬ್ರಶ್ಶಿನಲ್ಲಿ ಉಜ್ಜಿದರೆ ಸಾಕು. ಬೆನ್ನ ಮೇಲೆ ಕಾರ್ಖಾನೆಯ ಹೆಸರು ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಒಂದೊಂದು ಕಾರ್ಖಾನೆಯ ಅಚ್ಚಿನ ಕಚ್ಚು ಒಂದೊಂದು ಥರ. ಬೇರೆ ಬೇರೆ ಹಂಚು ಒಂದೇ ಸಾಲಿನಲ್ಲಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಒಸರುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಹಿತ್ತಿಲ ಕಡೆಯ ಮಾಡಿನಲ್ಲಿರುವ ಗಟ್ಟಿ ಹಂಚನ್ನೆಲ್ಲ ಮುಂದಿನ ಮಾಡಿಗೆ ತನ್ನಿ. ಹೊಸದಾಗಿ ಕೊಂಡದ್ದನ್ನೆಲ್ಲ ಹಿಂದಿನ ಮಾಡಿಗೆ ಹಾಕಿ. ಮುಂದಿನಿಂದ ಮನೆ ಮೊದಲಿನ ಹಾಗೇ ಕಾಣುತ್ತದೆ. ಬಣ್ಣ ಬಳಿದ ಹೊಳೆಯುವ ಹಂಚು ಬೇಡ. ಹಳೇ ಹಂಚಿಗೂ ಪೇಂಟ್ ಹೊಡೆಯಬೇಡಿ.

ಪಕಾಸಿಯ ತುದಿ ಕೊಳೆತಿದ್ದರೆ ಇಡೀ ಮಾಡು ಕಬ್ಬಿಣಕ್ಕೆ ಬದಲಿಸಿ ಅಂತ ಹೇಳುವವರು ಇದ್ದಾರೆ. ಕೊಳೆಯುವುದು ಹೆಚ್ಚಾಗಿ ಸೂರಿನ ಕಡೆಯ ಒಂದೆರಡು ಅಡಿ ಮಾತ್ರ. ಅಷ್ಟನ್ನು ಕತ್ತರಿಸಿ ಹೊಸ ಮರ ಜೋಡಿಸಲು ಒಳ್ಳೆಯ ಆಚಾರಿಗೆ ಬರುತ್ತದೆ. ಕೆಡವಿದ ಮನೆಗಳ ಹಳೇ ಮರ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಎಷ್ಟೋ ವರ್ಷ ಒಣಗಿ ನಿಂತ ಮರ. ಒರಲೆ ಇಲ್ಲದ್ದನ್ನು ಮಾತ್ರ ನೋಡಿ ತನ್ನಿ. ಸೂರನ್ನು ಮಾತ್ರ ಗಿಡ್ಡ ಮಾಡಬೇಡಿ. ಗೋಡೆಯ ಕೊಡೆ ಅದು.

ಗೋಡೆ: ಕಲ್ಲಿಗೆ ಉಸಿರು ಬೇಕು

ಚಿರೆಕಲ್ಲಿಗೆ ಲ್ಯಾಟರೈಟ್ ಅನ್ನುವ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್. ಟಿಪ್ಪು ತೀರಿಕೊಂಡ ಮೇಲೆ ಮೈಸೂರು, ಕೆನರಾ, ಮಲಬಾರು ಸುತ್ತಿ 1807ರಲ್ಲಿ ಪ್ರವಾಸದ ವಿವರ ಪ್ರಕಟಿಸಿದವರು. ನೆಲದಿಂದ ತೆಗೆಯುವಾಗ ಕತ್ತಿಯಲ್ಲಿ ಕೊಯ್ಯುವಷ್ಟು ಮೆತ್ತಗಿರುವ ಕಲ್ಲು ಗಾಳಿಗೆ ಬಂದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಅವರು ಮಲಬಾರಿನಲ್ಲಿ ನೋಡಿದರು. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿ ಇರುವ ಪದದಿಂದ ಆ ಹೆಸರು ಬಂತು. ಕಲ್ಲಿನ ಮೈತುಂಬಾ ಸಣ್ಣ ಸಣ್ಣ ತೂತು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಇದೇ ಅದರ ಬದುಕು.

ಸುಣ್ಣದ ಗಾರೆಗೂ ಇದೇ ಗುಣ ಇದೆ. ನೀರಿನ ಆವಿಯನ್ನು ಹೊರಗೆ ಹೋಗಲು ಬಿಡುತ್ತದೆ. ಕಲ್ಲಿಗಿಂತ ಮೆತ್ತಗಿರುತ್ತದೆ. ಏನಾದರೂ ಹಾಳಾಗುವುದಿದ್ದರೆ ಗಾರೆ ಹಾಳಾಗುತ್ತದೆ, ಕಲ್ಲು ಉಳಿಯುತ್ತದೆ. ಸಿಮೆಂಟ್ ಹಾಗಲ್ಲ. ಅದು ಕಲ್ಲಿಗಿಂತ ಗಟ್ಟಿ. ಅಡಿಯಿಂದ ಏರಿದ ತೇವ ಹೊರಗೆ ಬರಲು ಆಗದೆ ಒಳಮುಖ ಮಾಡುತ್ತದೆ ಅಥವಾ ಇನ್ನೂ ಮೇಲಕ್ಕೆ ಏರುತ್ತದೆ. ಕರಾವಳಿಯಲ್ಲಿ ಆ ನೀರಿನ ಜೊತೆ ಉಪ್ಪೂ ಇರುತ್ತದೆ. ಉಪ್ಪು ಪ್ಲಾಸ್ಟರಿನ ಬೆನ್ನ ಹಿಂದೆ ಹರಳುಗಟ್ಟಿ ಕಲ್ಲಿನ ಮೈಯನ್ನು ಒಡೆಯುತ್ತದೆ. ನಮ್ಮ ಮನೆಯಲ್ಲಿ ಆದದ್ದು ತೇವದ ಕಥೆ. ಕಡಲ ಹತ್ತಿರ ಆದರೆ ಹಾನಿ ಇನ್ನೂ ಬೇಗ.

ಹಾಗಾದರೆ ಸುಣ್ಣವೋ ಸಿಮೆಂಟೋ? ಹಳೇ ಚಿರೆಕಲ್ಲಿನ ಗೋಡೆಗೆ ಸುಣ್ಣವೇ. ಇಲ್ಲಿ ನನಗೆ ಅನುಮಾನ ಇಲ್ಲ. ಕಷ್ಟ ಏನೆಂದರೆ ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಸುಣ್ಣವನ್ನು ನೀರಲ್ಲಿ ನೆನೆಸಿ ವಾರಗಟ್ಟಲೆ ಇಡಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಅನ್ನುವುದು ಸಾಮಾನ್ಯ ಲೆಕ್ಕ. ಸಮುದ್ರದ ಮರಳು ಮಾತ್ರ ಬೇಡ. ತೆಳು ತೆಳುವಾಗಿ ಎರಡು ಮೂರು ಪದರ ಹಚ್ಚಬೇಕು. ಬಿಸಿಲಿಗೆ ತಟ್ಟನೆ ಒಣಗದಂತೆ ಒದ್ದೆ ಗೋಣಿ ಕಟ್ಟಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಸಿಮೆಂಟಿನ ಕೆಲಸ ವಾರದಲ್ಲಿ ಮುಗಿದರೆ ಇದಕ್ಕೆ ತಿಂಗಳು ಹಿಡಿಯುತ್ತದೆ. ಅಘನಾಶಿನಿಯ ಅಳಿವೆಯಂಥ ಕಡೆ ಚಿಪ್ಪಿ ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಯ ಹಳೇ ರೂಢಿ. ಆ ಕೆಲಸ ಬಲ್ಲ ವಯಸ್ಸಾದ ಗೌಂಡಿ ಒಬ್ಬರಿದ್ದರೆ ಅವರ ಪಕ್ಕ ಒಬ್ಬ ಹುಡುಗನನ್ನೂ ಕೆಲಸಕ್ಕೆ ಹಚ್ಚಿ.

ಈಗಾಗಲೇ ಸಿಮೆಂಟ್ ಹಚ್ಚಿದ್ದರೆ? ಗಟ್ಟಿಯಾಗಿ ಹಿಡಿದಿದ್ದನ್ನು ಕಿತ್ತರೆ ಕಲ್ಲೂ ಬರುತ್ತದೆ. ಬಡಿದಾಗ ಪೊಳ್ಳು ಸದ್ದು ಬರುವ ಕಡೆ ಮಾತ್ರ ಉಳಿಯಿಂದ ಮೆಲ್ಲಗೆ ತೆಗೆಯಿರಿ. ನೆಲದಿಂದ ಎರಡು ಮೂರು ಅಡಿ ಎತ್ತರದ ಪಟ್ಟಿ ಮೊದಲು. ಅಷ್ಟು ತೆಗೆದು ಒಂದು ಬೇಸಿಗೆ ಬಿಟ್ಟದ್ದಕ್ಕೇ ನಮ್ಮ ಗೋಡೆ ಒಣಗಿತು. ಸುಣ್ಣ ಹಚ್ಚಿದ್ದು ಮುಂದಿನ ವರ್ಷ.

ಇತ್ತೀಚೆಗೆ ಇನ್ನೊಂದು ರೂಢಿ ಬಂದಿದೆ. ಹಳೇ ಗಾರೆಯನ್ನೆಲ್ಲ ಕೆತ್ತಿ ಕೆಂಪು ಕಲ್ಲು ಕಾಣುವ ಹಾಗೆ ಮಾಡಿ, ಮೇಲೆ ಹೊಳಪಿನ ಕೋಟಿಂಗ್ ಬಳಿಯುವುದು. ಫೋಟೋದಲ್ಲಿ ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಮೊದಲಿಂದಲೂ ಗಾರೆಯ ಒಳಗಿದ್ದ ಕಲ್ಲು ಹೊರಗೆ ನಿಲ್ಲಲು ಆರಿಸಿದ ಕಲ್ಲಲ್ಲ. ಸಂದಿಯಲ್ಲಿ ಮಣ್ಣು ಇರುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಮೇಲಿನ ಕೋಟಿಂಗ್ ಸಿಮೆಂಟ್ ಮಾಡುವ ತೊಂದರೆಯನ್ನೇ ಮಾಡುತ್ತದೆ. ಕಟ್ಟುವಾಗಲೇ ನಯವಾಗಿ ಕೆತ್ತಿ, ಸಂದಿ ತೆಳ್ಳಗೆ ಜೋಡಿಸಿ, ಕಲ್ಲು ಕಾಣಲಿ ಅಂತಲೇ ಬಿಟ್ಟ ಗೋಡೆಗಳು ಬೇರೆ. ಅವನ್ನು ಹಾಗೇ ಬಿಡಿ, ಏನೂ ಬಳಿಯಬೇಡಿ.

ಬಣ್ಣದ ಮಾತೂ ಇದರ ಜೊತೆಯೇ ಬರುತ್ತದೆ. ಮಳೆ ತಡೆಯುತ್ತದೆ ಅಂತ ಮಾರುವ ಎಮಲ್ಷನ್ ಪೇಂಟ್ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಹಾಗೆ. ಹೊರಗಿನ ನೀರು ತಡೆಯುತ್ತದೆ, ಒಳಗಿನದ್ದನ್ನೂ ತಡೆಯುತ್ತದೆ. ಆಮೇಲೆ ಗುಳ್ಳೆ ಏಳುತ್ತದೆ. ಸುಣ್ಣ ಬಳಿದರೆ ವರ್ಷ ಅಥವಾ ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು ನಿಜ. ಆದರೆ ಅದು ಮನೆಯವರೇ ಹಬ್ಬಕ್ಕೆ ಮುಂಚೆ ಮಾಡಿಕೊಳ್ಳುವ ಕೆಲಸ. ಸುಣ್ಣಕ್ಕೆ ಕೆಮ್ಮಣ್ಣು ಬೆರೆಸಿದರೆ ಹಳೇ ಮನೆಗಳ ಆ ಮೆತ್ತನೆಯ ಬಣ್ಣ ಬರುತ್ತದೆ.

ಗೋಡೆಯ ಮೇಲೆ ಚಿತ್ರ ಇದ್ದರೆ ಮಾತ್ರ ಯಾರನ್ನೂ ಮುಟ್ಟಲು ಬಿಡಬೇಡಿ. ಶಿರಸಿ ಮಾರಿಕಾಂಬಾ ದೇವಸ್ಥಾನದಲ್ಲಿ ಕಾವಿ ಕಲೆ ನೋಡಿರುತ್ತೀರಿ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಹಚ್ಚಿ, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿ ಕಾಣಿಸುವ ಚಿತ್ರ ಅದು. ಗಾರೆ ಕಿತ್ತರೆ ಚಿತ್ರವೂ ಹೋಯಿತು. ಕೊಂಕಣ ಕರಾವಳಿಯ ಹಳೇ ಗೋಡೆಗಳಲ್ಲಿ ಸುಣ್ಣದ ಪದರಗಳ ಅಡಿಯಲ್ಲಿ ಇದು ಅಡಗಿರಬಹುದು. ಕೆರೆಯುವ ಮೊದಲು ಒಂದು ಅಂಗೈ ಅಗಲ ಮೆಲ್ಲಗೆ ಬಿಡಿಸಿ ನೋಡಿ. ದೀವರು ಸಮುದಾಯದ ಮನೆಗಳ ಹಸೆ ಚಿತ್ತಾರದ ವಿಷಯವೂ ಇದೇ. ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಎಳೆಯುತ್ತಾರೆ. ಗೋಡೆಗೆ ಪೇಂಟ್ ಬಂದರೆ ಆ ಎಳೆಗೆ ನೆಲೆಯೇ ಇರುವುದಿಲ್ಲ.

ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವವರು ಗೋಡೆಯ ಬುಡಕ್ಕೆ ತಾಗಿಸಬೇಡಿ. ಒಂದೆರಡು ಅಡಿ ಜಾಗ ಬಿಟ್ಟು ಜಲ್ಲಿ ತುಂಬಿ. ನೆಲ ಪೂರ್ತಿ ಮುಚ್ಚಿದರೆ ಅಲ್ಲಿನ ತೇವಕ್ಕೆ ಉಳಿಯುವ ದಾರಿ ನಿಮ್ಮ ಗೋಡೆ ಮಾತ್ರ. ಗಾಳಿಮಳೆ ಬಡಿಯುವ ಕಡೆ ಹಿಂದೆಲ್ಲ ಸೋಗೆ ಅಥವಾ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು ಅಲ್ವಾ? ಮಳೆ ಮುಗಿದ ಮೇಲೆ ಬಿಚ್ಚುತ್ತಿದ್ದರು. ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ. ಸೋಗೆ ಕಟ್ಟುವವರು ಇಲ್ಲದಿದ್ದರೆ ಅದೇ ಜಾಗಕ್ಕೆ ಶೇಡ್‌ನೆಟ್ ಕಟ್ಟಿ.

ಕಿಟಕಿ, ಜಗಲಿ

ಕಿಟಕಿಗೆ ಬಂದಾಗ ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಜಾರುಬಾಗಿಲು ಮತ್ತು ಹಳೇ ಮರದ ಕಿಟಕಿ ಎರಡೇ ಮುಂದೆ ಇರುತ್ತವೆ. ಜಾರುವ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ನಮ್ಮ ಸೆಖೆಗೆ ಪೂರ್ತಿ ತೆರೆಯುವ ಎರಡು ಬಾಗಿಲಿನ ಕಿಟಕಿಯೇ ಬೇಕು. ಮರದ ಕಿಟಕಿ ಕೆಡುವುದು ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ, ನೀರು ನಿಲ್ಲುವ ಕಡೆ. ಅದೊಂದನ್ನು ಬದಲಿಸಿದರೆ ಉಳಿದದ್ದು ಗಟ್ಟಿ ಇರುತ್ತದೆ. ಹಳೇ ಮರದ ಗುಣ ಇವತ್ತಿನ ಬೇಗ ಬೆಳೆದ ಮರಕ್ಕೆ ಇಲ್ಲ. ಸೊಳ್ಳೆಗೆ ಜಾಲರಿ ಬೇಕು ಅಂದರೆ ಒಳಗಡೆಯಿಂದ ಬೇರೆ ಚೌಕಟ್ಟು ಮಾಡಿಸಿ. ಹೊರಗಿನಿಂದ ಕಾಣುವುದಿಲ್ಲ, ಬೇಡ ಅಂದಾಗ ತೆಗೆಯಬಹುದು.

ಜಗಲಿಗೆ ಗ್ರಿಲ್ ಹಾಕುವುದನ್ನು ನಾನು ಬೇಡ ಅನ್ನುವುದಿಲ್ಲ. ಮಂಗ, ನಾಯಿ, ಒಂಟಿಯಾಗಿ ಇರುವ ಹಿರಿಯರು. ಕಾರಣ ನಿಜವಾದದ್ದು. ಗ್ರಿಲ್ಲನ್ನು ಎಲ್ಲಿ ಹಾಕುತ್ತೀರಿ ಅನ್ನುವುದು ಮಾತ್ರ ಮುಖ್ಯ. ಮುಂಡಿಗೆಗಳ (ಜಗಲಿಯ ಮರದ ಕಂಬಗಳ) ನಡುವೆ ಸಿಕ್ಕಿಸಿ, ಮರಕ್ಕೆ ತೂತು ಕೊರೆದು ಬೋಲ್ಟ್ ಹಾಕಿದರೆ ಕೆತ್ತನೆಯೂ ಹಾಳು, ಜಗಲಿಯ ನೆರಳಿನ ಆಳವೂ ಹೋಗುತ್ತದೆ. ಮುಂಡಿಗೆಯ ಸಾಲಿನಿಂದ ಒಂದು ಅಡಿ ಒಳಗೆ, ನೆಲಕ್ಕೂ ಮೇಲಿನ ಅಡ್ಡ ಪಟ್ಟಿಗೂ ಹಿಡಿಸಿ, ತೆಳು ಸರಳಿನ ಗ್ರಿಲ್ ನಿಲ್ಲಿಸಿ. ಕಪ್ಪು ಅಥವಾ ಕಡು ಕಂದು ಬಣ್ಣ ಕೊಡಿ. ಅಂಗಳದಿಂದ ನೋಡಿದರೆ ಮುಂಡಿಗೆ ಮುಂದೆ ಕಾಣುತ್ತದೆ, ಗ್ರಿಲ್ ನೆರಳಲ್ಲಿ ಮರೆಯಾಗುತ್ತದೆ. ಗಾಜು ಹಾಕಿ ಜಗಲಿಯನ್ನು ಕೋಣೆ ಮಾಡುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಬಂದವರಿಗೆ ಕೂರಲು, ಅಡಿಕೆ ಸುಲಿಯಲು, ಮಳೆ ನೋಡಲು ಇರುವ ಜಾಗ ಅದು. ಮುಚ್ಚಿದರೆ ಮನೆಗೆ ಮುಖವೇ ಇರುವುದಿಲ್ಲ.

ಸೋಲಾರ್, ನೀರಿನ ಟ್ಯಾಂಕ್, ಡಿಶ್ ಎಲ್ಲ ಹಿತ್ತಿಲ ಕಡೆಗೆ ಅಥವಾ ಕೊಟ್ಟಿಗೆಯ ಮಾಡಿಗೆ ಹೋಗಲಿ. ಬಿಸಿಲು ಅಲ್ಲಿ ಸಾಲದಿದ್ದರೆ ತೋಟದ ಅಂಚಿನಲ್ಲಿ ಬೇರೆ ಕಂಬ ನೆಟ್ಟು ಕೂರಿಸಿ.

ಹೊಸದಾಗಿ ಸೇರಿಸುವಾಗ

ವಯಸ್ಸಾದವರಿಗೆ ಮನೆಯೊಳಗೇ ಬಚ್ಚಲು ಬೇಕು, ಕಾರಿಗೆ ನೆರಳು ಬೇಕು. ಬೇಡ ಅನ್ನಲು ಆಗುವುದಿಲ್ಲ. ಹಳೇ ಗೋಡೆ ಒಡೆದು ಒಳಗೆ ತುರುಕುವುದಕ್ಕಿಂತ ಹಿಂಬದಿಗೆ, ಮುಖ್ಯ ಮಾಡಿಗಿಂತ ತಗ್ಗಿನಲ್ಲಿ, ಬೇರೆ ಗೋಡೆಯಲ್ಲಿ ಕಟ್ಟಿ, ನಡುವೆ ಒಂದು ಬಾಗಿಲು ಕೊಡಿ. ಅದಕ್ಕೆ ಸಿಮೆಂಟ್ ಬಳಸಿದರೂ ನಡೆಯುತ್ತದೆ. ಹೊಸದು ಹೊಸದಾಗಿಯೇ ಇರಲಿ, ಸರಳವಾಗಿರಲಿ.

ನನಗೆ ಹೆಚ್ಚು ಬೇಸರ ತರುವುದು ಇನ್ನೊಂದು. ಹಳೇ ಸಾಮಾನಿನ ವ್ಯಾಪಾರಿಗಳಿಂದ ತಮಿಳುನಾಡಿನ ಚೆಟ್ಟಿನಾಡು ಕಡೆಯ ಕಂಬ, ಎಲ್ಲಿಯದೋ ಅರಮನೆ ಬಾಗಿಲು ತಂದು ಶಿರಸಿಯ ಮನೆಯ ಮುಂದೆ ನಿಲ್ಲಿಸುವುದು. ಹಳೆಯದರ ಮೇಲಿನ ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ನಮ್ಮ ಹಲಸಿನ ಮುಂಡಿಗೆ ಅಷ್ಟೊಂದು ಕೆತ್ತನೆ ಇಲ್ಲದೆ ಸಾದಾ ಇದ್ದರೆ, ಸಾದಾ ಇರುವುದೇ ಅದರ ನಿಜ. ನಾಳೆ ಮೊಮ್ಮಕ್ಕಳು ಆ ಚೆಟ್ಟಿನಾಡಿನ ಕಂಬವನ್ನು ಮುತ್ತಜ್ಜ ಮಾಡಿಸಿದ್ದು ಅಂತ ನಂಬುತ್ತಾರೆ.

ಕೆಲಸ ಶುರುಮಾಡುವುದಿದ್ದರೆ ದೀಪಾವಳಿ ಕಳೆದ ಮೇಲೆ ಮೊದಲು ಮಾಡು, ಆಮೇಲೆ ಕಿಟಕಿ ಬಾಗಿಲು, ಕೊನೆಗೆ ಗೋಡೆ. ಗಾರೆಯ ಕೆಲಸ ಯುಗಾದಿಯ ಒಳಗೆ ಮುಗಿದರೆ ಮಳೆಗೆ ಮುಂಚೆ ಗಟ್ಟಿಯಾಗಲು ಸಮಯ ಸಿಗುತ್ತದೆ. ತೆಗೆದ ಸಾಮಾನನ್ನು ಗುಜರಿಗೆ ಕೊಡಬೇಡಿ. ಕಿಟಕಿಯ ಬಾಗಿಲು, ಹಿತ್ತಾಳೆಯ ಅಗಳಿ, ಉಳಿದ ಹಂಚು, ಕತ್ತರಿಸಿದ ಪಕಾಸಿಯ ಒಳ್ಳೆಯ ತುಂಡು, ಎಲ್ಲವನ್ನೂ ಮೆತ್ತಿನ ಮೇಲೆ ಒಣ ಜಾಗದಲ್ಲಿ ಜೋಡಿಸಿಡಿ. ಯಾವುದು ಮನೆಯ ಯಾವ ಕಡೆಯದು, ಯಾವ ವರ್ಷ ತೆಗೆದದ್ದು ಅಂತ ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಲ್ಲ, ಅಳಿಯದ ಬಣ್ಣದಲ್ಲಿ ಬರೆಯಿರಿ.